ಬಿಳಿ ಗೌನಿಗೆ ಎರಡನೆಯ ದಿನ

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಊರಿನ ಕೆವಿನ್ ಕಾಟರ್ ಎಂಬಾತನನ್ನು, ಹನ್ನೆರಡು ವರ್ಷ ಸಂಸಾರ ಮಾಡಿದ ಹೆಂಡತಿ 2009ರಲ್ಲಿ ಬಿಟ್ಟು ಹೋದಳು. ತನ್ನ ಸಾಮಾನನ್ನೆಲ್ಲ ಕಟ್ಟಿಕೊಂಡಳು, ಮದುವೆಯ ಗೌನು ಮಾತ್ರ ಕಪಾಟಿನಲ್ಲೇ ಉಳಿಯಿತು. ಇದನ್ನೇನು ಮಾಡಲಿ ಎಂದು ಕೇಳಿದರೆ, ಏನು ಬೇಕಾದರೂ ಮಾಡಿಕೋ ಎಂಬರ್ಥದ ಖಾರವಾದ ಉತ್ತರ ಬಂತು. ಕಾಟರ್ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಗೌನಿನಲ್ಲಿ ಪಾಸ್ತಾ ಬಸಿದ, ಅದನ್ನೇ ಹಾಸಿಕೊಂಡು ಯೋಗ ಮಾಡಿದ, ಬೆದರುಬೊಂಬೆಗೆ ತೊಡಿಸಿ ನಿಲ್ಲಿಸಿದ. ಒಂದೊಂದು ಉಪಯೋಗಕ್ಕೂ ಒಂದೊಂದು ಫೋಟೊ. 2011ರಲ್ಲಿ ಅದು ‘101 ಯೂಸಸ್ ಫಾರ್ ಮೈ ಎಕ್ಸ್-ವೈಫ್ಸ್ ವೆಡ್ಡಿಂಗ್ ಡ್ರೆಸ್’ ಎಂಬ ಪುಸ್ತಕವೇ ಆಯಿತು. ಮಾಜಿ ಹೆಂಡತಿಯ ಗೌನಿಗೆ ನೂರಾ ಒಂದು ಉಪಯೋಗ!

ನಗು ಬರುತ್ತದೆ, ಸರಿ. ಆದರೆ ಕಾಟರ್ ಎದುರು ನಿಂತ ಪ್ರಶ್ನೆ ಆ ದೇಶದ ಪ್ರತಿ ಮದುಮಗಳ ಎದುರೂ ನಿಲ್ಲುತ್ತದೆ. ಬಿಳಿ ಗೌನಿಗೆ ಸಾವಿರ, ಎರಡು ಸಾವಿರ ಡಾಲರ್ ತೆರುವುದು ಅಲ್ಲಿ ಮಾಮೂಲಿ. ಮರುದಿನದಿಂದ ಅದನ್ನು ತೊಟ್ಟು ಹೋಗಲು ಒಂದು ಜಾಗವಿಲ್ಲ. ಬೇರೆಯವರ ಮದುವೆಗೆ ಬಿಳಿ ತೊಟ್ಟು ಹೋಗುವುದು ದೊಡ್ಡ ಅಪಚಾರ. ಚರ್ಚಿಗೆ, ಪಾರ್ಟಿಗೆ, ಹಬ್ಬಕ್ಕೆ ಹೊಂದುವ ಬಟ್ಟೆ ಅದಲ್ಲ. ಹಾಗಾಗಿ ಡ್ರೈಕ್ಲೀನಿಂಗ್ ಅಂಗಡಿಗಳಲ್ಲಿ ಮದುವೆ ಗೌನನ್ನು ಶುಚಿಮಾಡಿ, ಆಮ್ಲರಹಿತ ತೆಳು ಕಾಗದದಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿಕೊಡುವುದೇ ಒಂದು ವ್ಯಾಪಾರ. ಮಗಳು ತೊಡುತ್ತಾಳೆಂಬ ಆಸೆಯಲ್ಲಿ ಪೆಟ್ಟಿಗೆ ಅಟ್ಟ ಸೇರುತ್ತದೆ. ಬಹುಪಾಲು ಮಗಳಂದಿರು ಹೊಸದನ್ನೇ ಕೊಳ್ಳುತ್ತಾರೆ.

ಈ ಬಿಳಿಯ ಹುಚ್ಚಿಗೆ ಒಂದು ತಾರೀಖು ಹಾಕಬೇಕೆಂದರೆ 1840ರ ಫೆಬ್ರವರಿ 10 ಎನ್ನಬಹುದು. ಅಂದು ವಿಕ್ಟೋರಿಯಾ ರಾಣಿ ಬಿಳಿ ಸ್ಯಾಟಿನ್ ಉಡುಪು, ಹಾನಿಟನ್ ಲೇಸು ತೊಟ್ಟು ಆಲ್ಬರ್ಟನ ಕೈಹಿಡಿದಳು. ಅದಕ್ಕೆ ಮುಂಚೆ ಬಿಳಿ ತೊಟ್ಟವರೇ ಇರಲಿಲ್ಲವೆಂದಲ್ಲ. ಆದರೆ ಸಾಮಾನ್ಯ ಹೆಣ್ಣುಮಕ್ಕಳು ಇದ್ದುದರಲ್ಲಿ ಒಳ್ಳೆಯ ಬಣ್ಣದ ಬಟ್ಟೆ ತೊಟ್ಟು ಮದುವೆಯಾಗಿ, ಅದನ್ನೇ ವರ್ಷಗಟ್ಟಲೆ ಚರ್ಚಿಗೆ ತೊಡುತ್ತಿದ್ದರು. ಛಾಯಾಗ್ರಹಣದ ವಿಧಾನ ಪ್ಯಾರಿಸ್‌ನಲ್ಲಿ ಪ್ರಕಟವಾಗಿ ಆಗ ಒಂದು ವರ್ಷವೂ ತುಂಬಿರಲಿಲ್ಲ. ಹೀಗಾಗಿ ಜಗತ್ತಿನ ಅತಿ ಪ್ರಸಿದ್ಧ ಬಿಳಿ ಗೌನಿಗೆ ಮದುವೆ ದಿನದ ಒಂದು ಫೋಟೊ ಕೂಡ ಇಲ್ಲ, ಇರುವುದೆಲ್ಲ ವರ್ಣಚಿತ್ರ. ರಾಣಿ ಮಾತ್ರ ಲೆಕ್ಕಾಚಾರದ ಹೆಂಗಸು. ಮದುವೆಯ ಲೇಸನ್ನು ಜೀವನಪೂರ್ತಿ ಬೇರೆ ಬೇರೆ ಸಮಾರಂಭಗಳಿಗೆ ತೊಟ್ಟಳು. 1901ರಲ್ಲಿ ಸತ್ತಾಗ ಮದುವೆಯ ಮುಸುಕನ್ನು ಮೈಮೇಲೆ ಹೊದಿಸಿಯೇ ಮಣ್ಣು ಮಾಡಿದರು. ಅನುಕರಿಸಿದ ಜಗತ್ತು ಬಿಳಿ ಬಣ್ಣವನ್ನು ತೆಗೆದುಕೊಂಡಿತು, ಮಿತವ್ಯಯವನ್ನು ಬಿಟ್ಟಿತು.

ಕಾಟರ್‌ಗಿಂತ ಕೆಲವು ವರ್ಷ ಮುಂಚೆಯೇ ಫೋಟೊಗ್ರಾಫರುಗಳು ಈ ಗೌನಿಗೆ ಇನ್ನೊಂದು ದಾರಿ ಹುಡುಕಿದ್ದರು. ಲಾಸ್ ವೇಗಸ್‌ನ ಮದುವೆ ಛಾಯಾಗ್ರಾಹಕ ಜಾನ್ ಮೈಕೆಲ್ ಕೂಪರ್ 2001ರ ಸುಮಾರಿಗೆ ಮದುಮಗಳನ್ನು ಗೌನಿನ ಸಮೇತ ಹೂದೋಟದಿಂದ ಎಬ್ಬಿಸಿ, ಯಾರೂ ಕರೆದೊಯ್ಯದ ಜಾಗಗಳಿಗೆ ಕರೆದೊಯ್ದ. ಆಮೇಲೆ ಲೂಯಿಸಿಯಾನದ ಮಾರ್ಕ್ ಎರಿಕ್ ಎಂಬ ಛಾಯಾಗ್ರಾಹಕ ಇಂಥ ಚಿತ್ರಗಳಿಗೆಂದೇ ಜಾಲತಾಣ ತೆರೆದ. ‘ಟ್ರ್ಯಾಶ್ ದ ಡ್ರೆಸ್’ ಎಂಬ ಹೆಸರು ನಿಂತುಬಿಟ್ಟಿತು, ಎಂದರೆ ಗೌನನ್ನು ಹಾಳುಗೆಡವು. ಆ ಮಾತು ಒರಟಾಯಿತೆನ್ನುವವರು ‘ರಾಕ್ ದ ಫ್ರಾಕ್’ ಎಂದರು. ಇದಕ್ಕೆಲ್ಲ ಮೂಲ 1998ರಲ್ಲಿ ‘ಸನ್‌ಸೆಟ್ ಬೀಚ್’ ಧಾರಾವಾಹಿಯ ನಾಯಕಿ ಮದುವೆ ಮುರಿದು ಗೌನಿನಲ್ಲೇ ಕಡಲಿಗೆ ಓಡಿದ ದೃಶ್ಯ ಎನ್ನುವವರೂ ಇದ್ದಾರೆ. ಧಾರಾವಾಹಿ ನೋಡಿ ಮದುವೆಯ ಪದ್ಧತಿ ಬದಲಾಗುವುದು ನಮಗೇನು ಹೊಸದಲ್ಲ.

ಹೆಸರು ಕೇಳಿದಷ್ಟು ಭಯಂಕರವಾದ ಕೆಲಸವೇನೂ ಅಲ್ಲಿ ನಡೆಯುವುದಿಲ್ಲ. ಮದುವೆ ದಿನ ಫೋಟೊಗ್ರಾಫರನ ಕೈಯಲ್ಲಿ ಸಮಯವೇ ಇರುವುದಿಲ್ಲ. ಚರ್ಚಿನಿಂದ ಊಟದ ಹಾಲ್‌ಗೆ ಹೋಗುವ ನಡುವೆ ಸಿಗುವ ಅರ್ಧ ಗಂಟೆಯಲ್ಲಿ ನೆಂಟರ ಗುಂಪುಗಳೇ ಮುಗಿಯುವುದಿಲ್ಲ. ಅದರ ಮೇಲೆ ಮದುಮಗಳ ಪಕ್ಕದಲ್ಲಿ ಒಬ್ಬಳು ಗೌನಿನ ಬಾಲ ಎತ್ತಿ ಹಿಡಿದುಕೊಂಡೇ ಇರಬೇಕು: ಹುಲ್ಲಿನ ಕಲೆ ಆದೀತು, ವೈನ್ ಚೆಲ್ಲೀತು. ಕೆಲವು ದಿನ ಕಳೆದ ಮೇಲೆ ಅದೇ ಗೌನು ತೊಟ್ಟು ಬಂದವಳಿಗೆ ಆ ಅಂಜಿಕೆ ಇಲ್ಲ. ಮರಳಿನ ಮೇಲೆ ಕೂರುತ್ತಾಳೆ, ಹಾಳುಬಿದ್ದ ಕಾರ್ಖಾನೆಯ ಮೆಟ್ಟಿಲು ಹತ್ತುತ್ತಾಳೆ, ಬೆಳಗಿನ ಎಳೆ ಬಿಸಿಲಿಗೆ ಐದು ಗಂಟೆಗೇ ಏಳುತ್ತಾಳೆ. ಕ್ಯಾಮೆರಾದವನಿಗೆ ಬೇಕಾದದ್ದು ಆ ಸಡಿಲವಾದ ಮೈ. ಒದ್ದೆ ಮಾಡಿದ ಗೌನುಗಳಲ್ಲಿ ಹಲವು ಡ್ರೈಕ್ಲೀನಿಂಗ್‌ಗೆ ಹೋಗಿ ಮತ್ತೆ ಪೆಟ್ಟಿಗೆ ಸೇರುತ್ತವೆ. ಇದಕ್ಕೆಂದೇ ಅಗ್ಗದ ಹಳೇ ಗೌನು ಕೊಂಡು, ಅಸಲಿಯನ್ನು ಮನೆಯಲ್ಲಿ ಭದ್ರವಾಗಿಟ್ಟು ಬರುವ ಜಾಣೆಯರೂ ಇದ್ದಾರೆ.

ನಿಜವಾಗಿ ಹಾಳುಮಾಡಲೇಬೇಕೆಂದು ಬಂದವರ ಕತೆ ಬೇರೆ. 2014ರಲ್ಲಿ ಟೆನೆಸಿಯ ಮೆಂಫಿಸ್ ನಗರದ ಹುಡುಗಿಯೊಬ್ಬಳಿಗೆ ಮದುವೆಗೆ ಐದು ದಿನವಿರುವಾಗ ವರ ಕೈಕೊಟ್ಟ. ಮುಹೂರ್ತವಿದ್ದ ದಿನವೇ ಅವಳು ಗೌನು ತೊಟ್ಟು ಗೆಳತಿಯರನ್ನೂ ಅಪ್ಪ ಅಮ್ಮನನ್ನೂ ಕರೆದುಕೊಂಡು ಬಯಲಿಗೆ ಹೋದಳು. ಎಲ್ಲರೂ ಸೇರಿ ಒಬ್ಬರ ಮೇಲೊಬ್ಬರು ಬಣ್ಣ ಎರಚಿಕೊಂಡರು. ಗೊತ್ತು ಮಾಡಿದ್ದ ಫೋಟೊಗ್ರಾಫರ್ ಬಂದೇ ಬಂದಳು, ಮದುವೆಯ ಬದಲು ಇದನ್ನು ತೆಗೆದಳು. ಈ ಜಾತಿಯ ಚಿತ್ರಗಳಲ್ಲಿ ಅರ್ಥ ತುಂಬಿದವು ಯಾವುವೆಂದು ಕೇಳಿದರೆ ಇವನ್ನು ಮೊದಲು ತೋರಿಸಬೇಕು. ಉಳಿದ ಎಷ್ಟೋ ಚಿತ್ರಗಳಲ್ಲಿ ಕೆಸರಿದೆ, ಕಾರಣವಿಲ್ಲ.

ಇನ್ನೊಬ್ಬರಿಗೆ ಕೊಡಬಹುದಾದ ಗೌನನ್ನು ಹಾಳುಮಾಡುವುದೇಕೆ ಎಂಬ ಟೀಕೆಯೂ ಜೋರಾಗಿಯೇ ಬಂತು. ಬ್ರಿಟನ್ನಿನಲ್ಲಿ ಆಕ್ಸ್‌ಫ್ಯಾಮ್ ಸಂಸ್ಥೆ ದಾನ ಬಂದ ಮದುವೆ ಗೌನುಗಳನ್ನು ಮಾರಲೆಂದೇ ಪ್ರತ್ಯೇಕ ವಿಭಾಗಗಳನ್ನು ನಡೆಸುತ್ತದೆ. ಅಷ್ಟು ದುಡ್ಡಿಲ್ಲದ ಹುಡುಗಿಯರು ಅಲ್ಲಿ ಬಂದು ಆರಿಸಿಕೊಳ್ಳುತ್ತಾರೆ. ಅಮೆರಿಕದ ‘ಏಂಜೆಲ್ ಗೌನ್’ ಕೆಲಸ ಇನ್ನೂ ಮನಸ್ಸಿಗೆ ತಟ್ಟುವಂಥದ್ದು. ಹುಟ್ಟುವಾಗಲೇ ಅಥವಾ ಆಸ್ಪತ್ರೆಯಲ್ಲೇ ತೀರಿಕೊಂಡ ಹಸುಗೂಸುಗಳಿಗೆ ಅಳತೆಗೆ ಸರಿಯಾದ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ. ದಾನವಾಗಿ ಬಂದ ಮದುವೆ ಗೌನುಗಳನ್ನು ಬಿಚ್ಚಿ, ಅಂಗೈಯಗಲದ ಅಂಗಿಗಳನ್ನು ಹೊಲಿದು, ಸ್ವಯಂಸೇವಕರು ಆಸ್ಪತ್ರೆಗಳಿಗೆ ಕಳಿಸುತ್ತಾರೆ. ಒಂದು ಗೌನಿನಲ್ಲಿ ಇಂಥ ಹಲವು ಅಂಗಿಗಳಾಗುತ್ತವೆ. ಇದನ್ನು ಕೇಳಿದ ಮೇಲೆ ಕೆಸರಿನ ಫೋಟೊ ಮೊದಲಿನಷ್ಟು ರುಚಿಸುವುದು ಕಷ್ಟ.

ಗೌನಿನ ಬೆಲೆಗಿಂತ ದೊಡ್ಡ ವಿಷಯ ಅದರ ಭಾರ. 2012ರ ಆಗಸ್ಟ್ 24ರಂದು ಕೆನಡಾದ ಕ್ವೆಬೆಕ್ ಪ್ರಾಂತ್ಯದಲ್ಲಿ, ಮಾಂಟ್ರಿಯಲ್ ನಗರದ ಉತ್ತರಕ್ಕಿರುವ ರಾಡನ್ ಎಂಬಲ್ಲಿ, ಡೋರ್ವಿನ್ ಜಲಪಾತದ ಬಳಿ ಮೂವತ್ತು ವರ್ಷದ ಹೆಣ್ಣುಮಗಳೊಬ್ಬಳು ಫೋಟೊಕ್ಕೆಂದು ನದಿಗಿಳಿದಳು. ಮದುವೆಯಾಗಿ ಮೂರು ತಿಂಗಳೂ ತುಂಬಿರಲಿಲ್ಲ. ಈಜಿಗೆಂದು ಇಳಿದವಳಲ್ಲ, ದಡದ ಹತ್ತಿರದ ನೀರಿನಲ್ಲಿ ನಿಂತಿದ್ದಳು. ಗೌನು ನೆನೆಯಿತು, ಭಾರವಾಯಿತು, ಸೆಳವು ಎಳೆಯಿತು. ಜೊತೆಗಿದ್ದ ಫೋಟೊಗ್ರಾಫರ್ ಹಿಡಿದೆಳೆಯಲು ನೋಡಿದ, ಆಗಲಿಲ್ಲ. ಮುಳುಗುಗಾರರು ಶವವನ್ನೇ ಮೇಲಕ್ಕೆ ತಂದರು.

ಆಗುವುದು ಹೀಗೆ. ಗೌನಿನ ಒಳಗೆ ಸ್ಯಾಟಿನ್ ಅಸ್ತರಿ, ಅದರ ಮೇಲೆ ಉಬ್ಬು ಕೊಡಲು ಬಲೆಬಲೆಯಾದ ಟ್ಯೂಲ್ ಬಟ್ಟೆಯ ನಾಲ್ಕಾರು ಪದರ, ಅದರ ಮೇಲೆ ಲೇಸು. ನೀರಿಗಿಳಿದ ಮೊದಲ ಕ್ಷಣ ಪದರಗಳ ನಡುವಿನ ಗಾಳಿಗೆ ಗೌನು ಬಲೂನಿನ ಹಾಗೆ ತೇಲುತ್ತದೆ. ಫೋಟೊಕ್ಕೆ ಬೇಕಾದದ್ದು ಆ ಕ್ಷಣವೇ, ಮೋಸ ಮಾಡುವುದೂ ಅದೇ. ಗಾಳಿ ಹೋದ ಮೇಲೆ ಪದರ ಪದರದಲ್ಲಿ ನೀರು ತುಂಬಿಕೊಂಡು, ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಕಾಲು ಬಡಿಯಲಾಗದ ಮೇಲೆ ಈಜು ಬಂದೂ ಬರದಂತೆ. ನಿಂತ ನೀರಾದರೆ ಹೇಗೋ ಪಾರಾಗಬಹುದು. ಹರಿಯುವ ನೀರಿನಲ್ಲಿ ಹರಡಿಕೊಂಡ ಅಷ್ಟಗಲ ಬಟ್ಟೆಯನ್ನು ಪ್ರವಾಹ ಹಾಯಿಯಂತೆ ಹಿಡಿದುಕೊಳ್ಳುತ್ತದೆ. ದಡ ಹತ್ತುವಾಗ ಮೈಮೇಲೆ ಕಿಲೋಗಟ್ಟಲೆ ನೀರಿನ ಹೊರೆ. ಅದಕ್ಕೇ ನುರಿತವರು ಈ ಬಗೆಯ ಚಿತ್ರಗಳನ್ನು ಈಜುಕೊಳದಲ್ಲಿ, ಪಕ್ಕದಲ್ಲೇ ಮುಳುಗುಗಾರನನ್ನು ಇಟ್ಟುಕೊಂಡು ತೆಗೆಯುತ್ತಾರೆ.

ಬೆಂಕಿಯದೂ ಇದೇ ಪಾಡು. ಈಗಿನ ಗೌನುಗಳಲ್ಲಿ ಬಹುಪಾಲು ಪಾಲಿಯೆಸ್ಟರ್, ನೈಲಾನ್, ಕರಗಿ ಮೈಗಂಟುತ್ತವೆ. 2022ರಲ್ಲಿ ಅಮೆರಿಕದ ಯೂಟಾದಲ್ಲಿ ಜೋಡಿಯೊಂದು ಬೆನ್ನಿಗೆ ಬೆಂಕಿ ಹಚ್ಚಿಕೊಂಡು ಆರತಕ್ಷತೆಯಿಂದ ಓಡಿಹೋದ ವಿಡಿಯೊ ಲೋಕವೆಲ್ಲ ಸುತ್ತಿತು. ಅವರಿಬ್ಬರೂ ಸಿನಿಮಾ ಸಾಹಸ ಕಲಾವಿದರು ಎಂಬ ಮಾತು ವಿಡಿಯೊದಷ್ಟು ದೂರ ಸುತ್ತಲಿಲ್ಲ. ಮುಖಕ್ಕೂ ಕೂದಲಿಗೂ ಸುಡದ ಜೆಲ್ ಬಳಿದಿತ್ತು, ಓಟದ ಕೊನೆಗೆ ಬೆಂಕಿ ನಂದಿಸುವವರು ಕಾದಿದ್ದರು.

ನಮ್ಮ ಕಾವೇರಿಯೂ ಫೋಟೊಕ್ಕಾಗಿ ನೀರಿಗಿಳಿದವರ ಇಂಥ ದುರಂತವೊಂದನ್ನು ಕಂಡಿದೆ. 2020ರ ನವೆಂಬರ್ 9ರಂದು ತಲಕಾಡಿನ ಬಳಿ ಮೈಸೂರಿನ ಜೋಡಿಯೊಂದು ಪ್ರೀ-ವೆಡ್ಡಿಂಗ್ ಶೂಟ್‌ಗೆಂದು ತೆಪ್ಪ ಹತ್ತಿತು. ಮದುವೆ ಇದ್ದದ್ದು ಅದೇ ತಿಂಗಳ 22ಕ್ಕೆ. ಹೈಹೀಲ್ಸ್ ತೊಟ್ಟು ತೆಪ್ಪದಲ್ಲಿ ನಿಂತಿದ್ದ ಹುಡುಗಿ ಆಯತಪ್ಪಿದಳು, ಹಿಡಿಯಲು ಹೋದ ಹುಡುಗನೂ ಬಿದ್ದ ಎಂದು ಅಂದಿನ ವರದಿಗಳು ಹೇಳಿದವು. ಇಬ್ಬರೂ ಉಳಿಯಲಿಲ್ಲ. ತೆಪ್ಪದ ತಳ ದುಂಡಗೆ, ಕೂತವರ ಭಾರಕ್ಕೆ ನಿಲ್ಲುವಂಥದ್ದು. ಅದರಲ್ಲಿ ಎದ್ದು ನಿಲ್ಲಬಾರದು ಎಂಬುದು ಹೊಳೆಸಾಲಿನ ಮಕ್ಕಳಿಗೂ ಗೊತ್ತು.

ಅಪಾಯವನ್ನು ತಾವೇ ಹುಡುಕಿಕೊಂಡು ಹೋಗುವ ಇಂಥ ಜೋಡಿಗಳ ನಡುವೆ, ಅಪಾಯವೇ ಗೌನನ್ನು ಹುಡುಕಿಕೊಂಡು ಬಂದ ಚಿತ್ರಗಳೂ ಇವೆ. ಚೀನಾದ ಸಿಚುವಾನ್‌ನ ಬೈಲು ಎಂಬ ಊರಿನಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ, ಶತಮಾನದಷ್ಟು ಹಳೆಯ ಸೆಮಿನರಿಯೊಂದಿತ್ತು. ನೋಡಲು ಯುರೋಪಿನಂತೆ ಕಾಣುತ್ತಿದ್ದರಿಂದ ಮದುವೆ ಫೋಟೊಗಳಿಗೆ ಅದು ಅಚ್ಚುಮೆಚ್ಚು. 2008ರ ಮೇ 12ರ ಮಧ್ಯಾಹ್ನ 2 ಗಂಟೆ 28 ನಿಮಿಷಕ್ಕೆ ಭೂಮಿ ನಡುಗಿದಾಗ ಅದರ ಮುಂದೆ ಬಿಳಿ ಗೌನಿನ ಮದುಮಗಳಂದಿರು ನಿಂತಿದ್ದರು. ಕಟ್ಟಡ ಕುಸಿಯಿತು, ಫೋಟೊಗ್ರಾಫರ್ ಗುಂಡಿ ಒತ್ತುತ್ತಲೇ ಇದ್ದ. ಒಂದು ಚಿತ್ರದಲ್ಲಿ ಗೋಪುರದ ಮುಂದೆ ನಗು. ಮುಂದಿನದರಲ್ಲಿ ಧೂಳು, ಕಲ್ಲು, ಗೌನು ಎತ್ತಿ ಹಿಡಿದು ಓಡುತ್ತಿರುವ ಹುಡುಗಿ. ಆ ಭೂಕಂಪದಲ್ಲಿ ಸತ್ತವರು ಸುಮಾರು 69,000 ಮಂದಿ.

2020ರ ಆಗಸ್ಟ್ 4ರಂದು ಲೆಬನಾನಿನ ಬೈರೂತ್ ಬಂದರು ಸಿಡಿದಾಗಲೂ ಹಾಗೆಯೇ ಆಯಿತು. ಒಬ್ಬ ಮದುಮಗಳ ಗೌನಿನ ಬಾಲವನ್ನು ಕ್ಯಾಮೆರಾ ನಿಧಾನಕ್ಕೆ ಸುತ್ತಿ ತೋರಿಸುತ್ತಿರುವಾಗ ಸ್ಫೋಟದ ಅಲೆ ಬಂದು ಹೊಡೆಯುತ್ತದೆ. ಅದೇ ವರ್ಷದ ಜನವರಿಯಲ್ಲಿ ಫಿಲಿಪ್ಪೀನ್ಸ್‌ನ ಜೋಡಿಯೊಂದು ತಾಲ್ ಜ್ವಾಲಾಮುಖಿ ಬೂದಿ ಕಾರುತ್ತಿರುವಾಗಲೇ ಅದನ್ನು ಬೆನ್ನಿಗಿಟ್ಟುಕೊಂಡು ಮದುವೆ ಮುಗಿಸಿತು. ಮುಹೂರ್ತ ಮೀರಬಾರದು ಎಂಬುದು ಎಲ್ಲ ದೇಶಕ್ಕೂ ಒಂದೇ ಎಂದಾಯಿತು.

ಸಿರಿಯಾದ ಹೋಮ್ಸ್ ನಗರದ ಚಿತ್ರಗಳನ್ನು ಮಾತ್ರ ಇವುಗಳ ಸಾಲಿಗೆ ಸೇರಿಸಲು ಬರುವುದಿಲ್ಲ. 2016ರ ಫೆಬ್ರವರಿಯಲ್ಲಿ ಅಲ್ಲಿನ ಛಾಯಾಗ್ರಾಹಕ ಜಾಫರ್ ಮೆರಾಯ್, ನವದಂಪತಿಯನ್ನು ಬಾಂಬಿಗೆ ಸಿಕ್ಕ ಓಣಿಗಳಲ್ಲಿ ಬೇಕೆಂದೇ ನಿಲ್ಲಿಸಿ ಚಿತ್ರ ತೆಗೆದ. ಸೀಳಿಹೋದ ಕಾಂಕ್ರೀಟು, ನೇತಾಡುವ ಕಬ್ಬಿಣದ ಸರಳು, ನಡುವೆ ಒಂದೇ ಒಂದು ಬಿಳಿ. ಎಎಫ್‌ಪಿ ಸಂಸ್ಥೆಯ ಜೋಸೆಫ್ ಈದ್ ಅದನ್ನೂ ಚಿತ್ರ ತೆಗೆದು ಲೋಕಕ್ಕೆ ಕಳಿಸಿದ. ನೋಡಿದವರ ಕಣ್ಣು ತುಂಬಿತು. ಆಮೇಲೆ ಗಮನಕ್ಕೆ ಬಂದದ್ದು ವರನ ಬಟ್ಟೆ: ಅವನು ಸರ್ಕಾರಿ ಸೇನೆಯ ಸಮವಸ್ತ್ರದಲ್ಲಿದ್ದ. ಹೋಮ್ಸ್ ನಗರವನ್ನು ಹೀಗೆ ಮಾಡಿದ ಗುಂಡು ಬಾಂಬುಗಳಲ್ಲಿ ಆ ಸೇನೆಯ ಪಾಲು ಸಣ್ಣದಲ್ಲ. ಬದುಕಿನ ಗೆಲುವೆಂದು ಕೆಲವರು ಕೊಂಡಾಡಿದ ಚಿತ್ರವನ್ನು, ಮನೆ ಬಿಟ್ಟು ಓಡಿದವರ ಊರಿನ ಅವಶೇಷದ ಮೇಲೆ ನಿಂತು ಮಾಡಿದ ಪ್ರಚಾರವೆಂದು ಇನ್ನು ಕೆಲವರು ಬೈದರು. ಎರಡೂ ಓದು ಆ ಚಿತ್ರದಲ್ಲಿವೆ. ಮದುಮಗಳ ಗೌನು ಇಷ್ಟು ಸುಲಭವಾಗಿ ಕಣ್ಣು ಕಟ್ಟುತ್ತದೆ ಎನ್ನುವುದನ್ನು ಮೆರಾಯ್ ಅರಿತಿದ್ದ.

ಗೌನನ್ನು ನೀರಿಗೆ ಹಾಕಿದವರಲ್ಲಿ ಎಲ್ಲರನ್ನೂ ಮೀರಿಸಿದಾಕೆ ಇಸ್ರೇಲಿನ ಕಲಾವಿದೆ ಸಿಗಲಿತ್ ಲಾಂಡೌ. 2014ರಲ್ಲಿ ಆಕೆ ಒಂದು ಉಡುಪನ್ನು ಮೃತ ಸಮುದ್ರದಲ್ಲಿ ಇಳಿಬಿಟ್ಟಳು. ಅದು ಕಪ್ಪು ಉಡುಪು, ಸಂಪ್ರದಾಯಸ್ಥ ಯಹೂದಿ ಹೆಂಗಸರು ತೊಡುವ ಮಾದರಿಯದು. ‘ದ ಡಿಬ್ಬುಕ್’ ಎಂಬ ನಾಟಕದಲ್ಲಿ ಸತ್ತ ಪ್ರೇಮಿಯ ಆತ್ಮ ಮದುವೆಯ ದಿನವೇ ಮೈಮೇಲೆ ಬರುವ ಹುಡುಗಿ ಲೇಯಾ. ಈ ಉಡುಪಿಗೆ ಪ್ರೇರಣೆ ಅವಳ ವೇಷ. ಮೃತ ಸಮುದ್ರದಲ್ಲಿ ಉಪ್ಪು ಮಾಮೂಲಿ ಕಡಲಿನ ಸುಮಾರು ಹತ್ತು ಪಟ್ಟು. ದಾರದ ಎಳೆ ಎಳೆಗೂ ಹರಳು ಕೂರತೊಡಗಿತು. ಯೋತಂ ಫ್ರೋಮ್ ಎಂಬ ಛಾಯಾಗ್ರಾಹಕ ಆಗಾಗ್ಗೆ ಮುಳುಗಿ ಅದರ ಚಿತ್ರ ತೆಗೆಯುತ್ತ ಬಂದ. ಆ ನೀರಿನಲ್ಲಿ ಮುಳುಗುವುದೇ ಒಂದು ಸರ್ಕಸ್ಸು, ಉಪ್ಪು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಮೈಗೆ ಭಾರ ಕಟ್ಟಿಕೊಂಡು ಇಳಿಯಬೇಕು. 2016ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡ ‘ಸಾಲ್ಟ್ ಬ್ರೈಡ್’ ಸರಣಿಯ ಎಂಟು ಚಿತ್ರಗಳನ್ನು ಸಾಲಾಗಿ ನೋಡಿದರೆ ಕಪ್ಪು ಬಟ್ಟೆ ನಿಧಾನಕ್ಕೆ ಬೂದುಬಣ್ಣಕ್ಕೆ ತಿರುಗಿ, ಕೊನೆಗೆ ಮಿನುಗುವ ಬಿಳಿ ಮದುವೆ ಗೌನಾಗಿ ನಿಲ್ಲುತ್ತದೆ. ಉಳಿದವರೆಲ್ಲ ಬಿಳಿಯನ್ನು ಹಾಳುಮಾಡಿ ಚಿತ್ರ ಮಾಡಿದರೆ ಈಕೆ ಕಪ್ಪಿನಿಂದ ಬಿಳಿಯನ್ನು ಬೆಳೆಸಿದಳು. ಗೌನಿನ ಒಳಗೆ ಮನುಷ್ಯರೇ ಇಲ್ಲ ಎನ್ನುವುದೂ ಅದರ ಬಲ.

ನಮ್ಮಲ್ಲಿ ಮದುವೆಯ ಬಟ್ಟೆ ಹಾಳುಮಾಡುವ ಚಾಳಿ ಬೇರೂರಲಿಲ್ಲ. ಸಂಸ್ಕೃತಿ, ಗೌರವ ಎಂದೆಲ್ಲ ಎದೆಯುಬ್ಬಿಸುವ ಮುಂಚೆ ಒಂದು ಸಾದಾ ಕಾರಣ ನೋಡಬೇಕು: ಧಾರೆ ಸೀರೆಗೆ ಮದುವೆಯ ಮರುದಿನವೂ ಕೆಲಸವಿದೆ. ಗೌರಿ ಹಬ್ಬಕ್ಕೆ ಉಡುತ್ತಾರೆ, ನಾದಿನಿಯ ಮದುವೆಗೆ ಉಡುತ್ತಾರೆ. ಮಡಿಕೆಯಲ್ಲಿ ಜರಿ ಸೀಳದಿರಲೆಂದು ಆಗಾಗ ಬಿಚ್ಚಿ ಬೇರೆ ಮಡಿಕೆ ಹಾಕಿ ಬೀರುವಿನಲ್ಲಿಡುತ್ತಾರೆ. ಅಂಚು ಹರಿದರೆ ಮಗಳ ಲಂಗವಾಗುತ್ತದೆ. ಏನೂ ಉಳಿಯದಿದ್ದರೂ ಹಳೇ ರೇಷ್ಮೆ ಸೀರೆ ಕೊಳ್ಳುವವನು ಜರಿಯಲ್ಲಿನ ಬೆಳ್ಳಿಗಾಗಿ ಬೀದಿಯಲ್ಲಿ ಕೂಗುತ್ತ ಬರುತ್ತಾನೆ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಇಗರ್ಜಿಗೆ ಬಿಳಿ ಗೌನು ಬಂದಿದ್ದರೂ ಕೆಂಪು ಸಾಡೊ ಸೀರೆಯ ಮಾನ ಹಾಗೇ ಇದೆ. ಇಂಥ ಬಟ್ಟೆಯನ್ನು ಕೆಸರಿಗೆ ಎಳೆ ಎಂದರೆ ಅಜ್ಜಿಯರು ಫೋಟೊಗ್ರಾಫರನನ್ನೇ ಕೆಸರಿಗೆ ಎಳೆದಾರು.

ಹಾಗಾಗಿ ಇಲ್ಲಿ ಗೌನು ಇನ್ನೊಂದು ಬಾಗಿಲಿನಿಂದ ಬಂತು. ಇಗರ್ಜಿಯ ಆಚೆಗೆ ಅದು ಮದುವೆಗೆ ಬರುವುದೇ ಇಲ್ಲ, ಬರುವುದು ಕ್ಯಾಮೆರಾದ ಮುಂದೆ ಮಾತ್ರ. ಈ ಲೆಕ್ಕದಲ್ಲಿ ನಮ್ಮ ಪ್ರೀ-ವೆಡ್ಡಿಂಗ್ ಶೂಟ್ ಅಮೆರಿಕಕ್ಕಿಂತ ತೈವಾನಿಗೆ ಹತ್ತಿರ. ತೈಪೆ ನಗರದ ಮದುವೆ ಸ್ಟುಡಿಯೊಗಳು ಮದುವೆಗೆ ಮುಂಚೆಯೇ ಜೋಡಿಗೆ ಬಾಡಿಗೆ ಗೌನು ತೊಡಿಸಿ, ಮೇಕಪ್ ಮಾಡಿ, ದಿನವಿಡೀ ಚಿತ್ರ ತೆಗೆದು ದಪ್ಪ ಆಲ್ಬಮ್ ಕಟ್ಟಿಕೊಡುತ್ತವೆ. ಇದನ್ನು ಹತ್ತಿರದಿಂದ ಕಂಡ ಮಾನವಶಾಸ್ತ್ರಜ್ಞೆ ಬಾನಿ ಏಡ್ರಿಯನ್ 2003ರಲ್ಲಿ ‘ಫ್ರೇಮಿಂಗ್ ದ ಬ್ರೈಡ್’ ಎಂಬ ಪುಸ್ತಕವನ್ನೇ ಬರೆದಳು.

ಹೊಸತರ ಹಸಿವು ಇಲ್ಲಿಯೂ ಕಡಿಮೆಯದಲ್ಲ. 2020ರಲ್ಲಿ ಕೇರಳದ ವಾಗಮಣ್‌ನ ಟೀ ತೋಟದಲ್ಲಿ ನವದಂಪತಿಯೊಂದು ಬಿಳಿ ರಜಾಯಿ ಸುತ್ತಿಕೊಂಡು ಓಡಾಡಿದ ಚಿತ್ರಗಳು ಬಂದಾಗ ಬೈಗುಳದ ಮಳೆಯೇ ಸುರಿಯಿತು. ಗೌನನ್ನೇ ಬಿಟ್ಟು ಅದರ ಬಿಳಿಯನ್ನಷ್ಟೇ ಉಳಿಸಿಕೊಂಡ ಚಿತ್ರಗಳವು. 2022ರಲ್ಲಿ ನಿಲಂಬೂರಿನ ಮದುಮಗಳೊಬ್ಬಳು ಕೆಂಪು ಸೀರೆ, ಮೈತುಂಬ ಒಡವೆಯಲ್ಲಿ ಕೆಸರು ತುಂಬಿದ ರಸ್ತೆ ಗುಂಡಿಗಳನ್ನು ದಾಟಿದಳು, ಅವಳಿಗೆ ಶಹಬ್ಬಾಸ್ ಸಿಕ್ಕಿತು. ಚಿತ್ರದುರ್ಗ ಜಿಲ್ಲೆಯ ಭರಮಸಾಗರದಲ್ಲಿ 2024ರ ಫೆಬ್ರವರಿಯಲ್ಲಿ ಗುತ್ತಿಗೆ ವೈದ್ಯನೊಬ್ಬ ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರನ್ನೇ ಸೆಟ್ ಮಾಡಿಕೊಂಡ. ಭಾವಿ ಪತ್ನಿ ಪಕ್ಕದಲ್ಲಿ, ಮೇಜಿನ ಮೇಲೆ ಸುಳ್ಳು ರೋಗಿ, ಸುಳ್ಳು ಶಸ್ತ್ರಚಿಕಿತ್ಸೆ. ವಿಡಿಯೊ ಹರಿದಾಡುತ್ತಿದ್ದಂತೆ ಆರೋಗ್ಯ ಸಚಿವರು ಕೆಲಸದಿಂದ ತೆಗೆಸಿದರು. ಗೌನಿನ ಬದಲು ಗ್ಲೌಸು ತೊಟ್ಟ ಆ ಶೂಟ್‌ನಲ್ಲಿ ನಿಜವಾದದ್ದು ಕ್ಯಾಮೆರಾ ತಂಡ ಮಾತ್ರ.

ಬೆಂಗಳೂರಿನ ಸುತ್ತಮುತ್ತ ಈಗ ಹೆಚ್ಚು ಓಡುವುದು ಟ್ರೇಲ್ ಗೌನ್. ಹಿಂದೆ ಹಲವು ಅಡಿ ಉದ್ದದ ಬಾಲ, ಬೆನ್ನಿಗೆ ಯಾವ ಅಳತೆಗಾದರೂ ಬಿಗಿಯಬಹುದಾದ ಲಾಡಿ. ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ ಪ್ರವಾಸಿಗರಿಗೆ ಹಾರುವ ಗೌನು ತೊಡಿಸಿ ತೆಗೆಯುವ ಚಿತ್ರಗಳ ಮಾದರಿ ಇದು. ಚಿತ್ರದಲ್ಲಿ ಗಾಳಿಗೆ ತಾನಾಗಿ ಹಾರಿದಂತೆ ಕಾಣುವ ಬಟ್ಟೆಯ ತುದಿಯನ್ನು ಅಸಿಸ್ಟೆಂಟ್ ಹುಡುಗ ಬಗ್ಗಿ ಹಿಡಿದು ಕೂತಿರುತ್ತಾನೆ. ಒಂದು, ಎರಡು, ಮೂರು ಎನ್ನುತ್ತಿದ್ದಂತೆ ಮೇಲಕ್ಕೆಸೆದು, ಫ್ರೇಮಿನಿಂದ ಆಚೆಗೆ ಓಡುತ್ತಾನೆ. ಕ್ಯಾಮೆರಾ ಸೆಕೆಂಡಿಗೆ ಹತ್ತಾರು ಚಿತ್ರ ಹೊಡೆಯುತ್ತದೆ. ಒಂದರಲ್ಲಿ ಹುಡುಗನ ಮೊಣಕೈ, ಒಂದರಲ್ಲಿ ಬಟ್ಟೆ ಮದುಮಗಳ ಮುಖದ ಮೇಲೆ, ಒಂದರಲ್ಲಿ ವರ ಕಣ್ಣು ಮುಚ್ಚಿದ್ದಾನೆ. ಮತ್ತೆ ಎಸೆತ, ಮತ್ತೆ ಓಟ. ಸಂಜೆಯ ಹೊತ್ತಿಗೆ ಬಾಲದ ಅಂಚಿಗೆ ಹುಲ್ಲಿನ ಬೀಜ, ಮುಳ್ಳು, ಕೆಮ್ಮಣ್ಣು ಅಂಟಿಕೊಂಡಿರುತ್ತದೆ. ಬಾಡಿಗೆ ಅಂಗಡಿಯವರು ಅದನ್ನು ಕೌಂಟರ್ ಮೇಲೆ ಉದ್ದಕ್ಕೆ ಹರಡಿ, ಅಂಚನ್ನು ಬೆರಳಲ್ಲಿ ಸವರಿ ನೋಡಿ, ಹರಿದಿದ್ದರೆ ಇಷ್ಟು, ಕಲೆಯಿದ್ದರೆ ಇಷ್ಟು ಎಂದು ಅಡ್ವಾನ್ಸಿನಲ್ಲಿ ಹಿಡಿದುಕೊಂಡು ಉಳಿದದ್ದನ್ನು ವಾಪಸು ಕೊಡುತ್ತಾರೆ. ಭಾನುವಾರಕ್ಕೆ ಇನ್ನೊಂದು ಜೋಡಿ ಬುಕ್ ಮಾಡಿದ್ದರೆ ಗೌನು ಅವತ್ತೇ ಡ್ರೈಕ್ಲೀನಿಂಗ್‌ಗೆ ಹೋಗಬೇಕು.